ಸರ್ವರ್ ಇಲ್ಲದ ಮತಯಂತ್ರ

ಆ ವರ್ಷ ನೈರೋಬಿಯಲ್ಲಿ ಸರ್ವರ್ ಅನ್ನುವ ಪದ ಗೊತ್ತಿಲ್ಲದವರೇ ಇರಲಿಲ್ಲ. ಅದು 2017. ಆಗಸ್ಟಿನಲ್ಲಿ ದೇಶದ ಚುನಾವಣೆ ನಡೆದಿತ್ತು. ಮತಗಟ್ಟೆಗಳಿಂದ ಫಲಿತಾಂಶ ಹೇಗೆ ಹೋಯಿತು, ಎಲ್ಲಿಗೆ ಹೋಯಿತು ಎಂಬ ತಕರಾರು ನ್ಯಾಯಾಲಯದ ಮೆಟ್ಟಿಲೇರಿ, ಅಧ್ಯಕ್ಷರ ಚುನಾವಣೆ ರದ್ದಾಗಿ, ಅಕ್ಟೋಬರಿನಲ್ಲಿ ಮತ್ತೊಮ್ಮೆ ನಡೆಯಿತು. ಈ ನಡುವೆ ಕಂಪ್ಯೂಟರನ್ನು ಮುಟ್ಟಿಯೂ ನೋಡದವರು ಸರ್ವರ್ ವಿಷಯ ಮಾತಾಡತೊಡಗಿದರು. ನಾನು ಸುಕುಮಾ ಸೊಪ್ಪು ಕೊಳ್ಳುತ್ತಿದ್ದ ಹೆಂಗಸಿಗೆ ಕಟ್ಟು ಸಣ್ಣದಾಯಿತಲ್ಲ ಎಂದರೆ, “ಸರ್ವರನ್ನು ಕೇಳಿ” ಎಂದು ನಗುತ್ತಿದ್ದಳು. ಹೋಮ್‌ವರ್ಕ್ ಮಾಡದೆ ಬಂದ ಹುಡುಗಿಯರು, “ಮಾಡಿದ್ದೆ ಮೇಡಂ, ಟ್ರಾನ್ಸ್‌ಮಿಟ್ ಆಗಲಿಲ್ಲ” ಎನ್ನುತ್ತಿದ್ದರು.

ನಾನು ಇಲ್ಲಿನ ಹುಡುಗಿಯರ ಶಾಲೆಯೊಂದರಲ್ಲಿ ಭೌತಶಾಸ್ತ್ರದ ಟೀಚರು. ಮಂಡ್ಯ ಜಿಲ್ಲೆಯ ಸರ್ಕಾರಿ ಕಾಲೇಜಿನಲ್ಲಿ ಪಾಠ ಮಾಡಿಕೊಂಡಿದ್ದವಳು, ಗಂಡನಿಗೆ ಇಲ್ಲಿನ ಟೆಲಿಕಾಂ ಕಂಪನಿಯಲ್ಲಿ ಕೆಲಸವಾದಾಗ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಬಂದೆ. ಎರಡು ವರ್ಷ ಅಂದುಕೊಂಡು ಬಂದದ್ದು ಆಗಲೇ ಹತ್ತು ದಾಟಿತ್ತು. ಮನೆ ಸೌತ್ ಸಿ ಎಂಬ ಬಡಾವಣೆಯಲ್ಲಿ. ಒಂದೇ ಗೇಟು, ನಡುವೆ ಅಂಗಳ, ಸುತ್ತ ಮೂವತ್ತು ಚಿಲ್ಲರೆ ಮನೆಗಳು. ಇಂಥ ವಠಾರಕ್ಕೆ ಇಲ್ಲಿ ಕೋರ್ಟ್ ಎನ್ನುತ್ತಾರೆ. ನ್ಯಾಯಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ, ಆದರೂ ಆ ವರ್ಷ ಎರಡೂ ಕಡೆ ವಾದ ಜೋರಾಗಿಯೇ ಇತ್ತು.

ನಮ್ಮ ವಠಾರಕ್ಕೆ ಒಬ್ಬ ಛೇರ್ಮನ್ ಇದ್ದರು. ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತರಾದ ಹಿರಿಯರು, ಎಲ್ಲರಿಗೂ ಅವರು ‘ಮ್ಜೇ’, ಅಂದರೆ ಯಜಮಾನರು. ನಾವು ಬರುವ ಮೊದಲಿನಿಂದಲೂ ಅವರದೇ ಆಡಳಿತ. ಅಂಗಳದ ಮೂಲೆಯ ಬೋರ್‌ವೆಲ್ ಕೊರೆಸಿದವರು ಅವರೇ. ಪಂಪಿನ ಕೋಣೆಯ ಬೀಗದಕೈ ಅವರ ಸೊಂಟದಲ್ಲೇ ತೂಗಾಡುತ್ತಿತ್ತು. ನಾವು ಬಂದ ಹೊಸದರಲ್ಲಿ ಒಂದು ಚುನಾವಣೆಯ ನಂತರ ನಗರದಲ್ಲಿ ಗಲಭೆಯಾಗಿ ಅಂಗಡಿಗಳೆಲ್ಲ ಮುಚ್ಚಿದ್ದಾಗ, ಮ್ಜೇ ಒಂದು ಕುರ್ಚಿ ಹಾಕಿಕೊಂಡು ಗೇಟಿನಲ್ಲೇ ಕೂತುಬಿಟ್ಟಿದ್ದರು. ಯಾರ ಮನೆಯಲ್ಲಿ ಮಗುವಿದೆ ಎಂದು ಅವರಿಗೆ ಗೊತ್ತಿತ್ತು. ನನ್ನ ಮಗಳಿಗೆ ಹಾಲು ಎಲ್ಲಿಂದ ತಂದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

ಪ್ರತಿ ಸಲ ಅವರನ್ನು ಕೈಯೆತ್ತಿ ಆರಿಸುತ್ತಿದ್ದೆವು. ಅಂಗಳದಲ್ಲಿ ಎಲ್ಲರೂ ನಿಲ್ಲುವುದು, “ಯಾರಾದರೂ ಬೇರೆಯವರು ಇದ್ದೀರಾ?” ಎಂದು ಅವರೇ ಕೇಳುವುದು, ಯಾರೂ ಇರುವುದಿಲ್ಲ, ಚಹಾ ಕುಡಿದು ಮನೆಗೆ ಹೋಗುವುದು.

2017ರಲ್ಲಿ ಬೇರೆಯವರು ಇದ್ದರು. ನಮ್ಮ ಪಕ್ಕದ ಸಾಲಿನ ಔಷಧಿ ಅಂಗಡಿಯಾಕೆ. ನಗರದ ಆಚೆ ಬದಿಯ ಪಂಗಾನಿಯಲ್ಲಿ ಅವಳ ಅಂಗಡಿ. ಸಂಜೆ ಟ್ರಾಫಿಕ್ಕಿನಲ್ಲಿ ಸಿಕ್ಕಿಹಾಕಿಕೊಂಡು ಮನೆಗೆ ಬರುವಷ್ಟರಲ್ಲಿ ಮ್ಜೇ ಪಂಪು ನಿಲ್ಲಿಸಿರುತ್ತಿದ್ದರು. ಬೆಳಿಗ್ಗೆ ಬಿಡಿ ಎಂದರೆ, ಪಂಪಿಗೆ ಬೆಳಗಿನ ಥಂಡಿ ಆಗುವುದಿಲ್ಲ ಎಂಬ ಉತ್ತರ. ಎರಡು ವರ್ಷ ಕೇಳಿ ಕೇಳಿ ಸಾಕಾಗಿ, ತಾನೇ ಛೇರ್‌ಪರ್ಸನ್ ಆಗುತ್ತೇನೆ ಎಂದು ವಠಾರದ ವಾಟ್ಸ್ಯಾಪ್ ಗುಂಪಿನಲ್ಲಿ ಹಾಕಿದಳು.

ಜಗಳ ನೀರಿನದೇ. ಆದರೆ ಮ್ಜೇ ಬೆಟ್ಟದ ಕಡೆಯವರು, ಔಷಧಿಯಾಕೆ ಸರೋವರದ ಕಡೆಯವಳು, ಬುಡಕಟ್ಟೇ ಬೇರೆ ಬೇರೆ. ದೇಶದ ಚುನಾವಣೆಯೂ ಹೆಚ್ಚುಕಡಿಮೆ ಹಾಗೇ ಎರಡು ಹೋಳಾಗಿದ್ದ ಕಾಲ. ಯಾರು ಯಾವ ಕಡೆಯವರು ಎಂದು ಬಾಯಿಬಿಟ್ಟು ಕೇಳದೆ, ಹೆಸರಿನ ಮೊದಲಕ್ಷರದಲ್ಲೇ ಅಳೆಯುವ ಆ ನೋಟ ನನಗೆ ಹೊಸದೇನಲ್ಲ. ಊರಿನಲ್ಲಿ “ನೀವು ಯಾವ ಪೈಕಿ?” ಎಂದು ಕೇಳಿಸಿಕೊಂಡೇ ಬೆಳೆದವಳು ನಾನು. ಅಂಗಳದಲ್ಲಿ ಜನ “ಹಬಾರಿ” ಎಂದು ಕುಶಲ ಕೇಳುತ್ತಿದ್ದರು, ಉತ್ತರಕ್ಕೆ ಮಾತ್ರ ನಿಲ್ಲುತ್ತಿರಲಿಲ್ಲ.

ಹೀಗಿರುವಾಗ ಒಂದು ಭಾನುವಾರ ಮಧ್ಯಾಹ್ನ ಮ್ಜೇಯ ವರಾಂಡದಲ್ಲಿ ಸಭೆ ಸೇರಿತು. ಮೂಲೆಮನೆಯ ವಕೀಲರು ಎದ್ದು ನಿಂತರು. ಅವರು ಗಟ್ಟಿದನಿಯ ಮನುಷ್ಯ, ಉಪ್ಪು ಕೇಳಿದರೂ ವಾದ ಮಂಡಿಸಿದ ಹಾಗೆ ಕೇಳಿಸುತ್ತದೆ.

“ಕೈಯೆತ್ತುವುದು ಬೇಡ. ನಾನು ಯಾರಿಗೆ ಕೈಯೆತ್ತಿದೆ ಎಂದು ಗೊತ್ತಾದರೆ ನಾಳೆ ನನ್ನ ನಲ್ಲಿಗೆ ನೀರು ಯಾರು ಬಿಡುತ್ತಾರೆ?”

“ಚೀಟಿ ಹಾಕೋಣ,” ಎಂದಳು ಔಷಧಿಯಾಕೆ.

“ಎಣಿಸುವವರು ಯಾರು?” ಎಂದರು ಮ್ಜೇ.

ಎಣಿಸುವವರು ಯಾರಾದರೂ ಒಂದು ಕಡೆಯವರೇ ಆಗಿರಬೇಕಲ್ಲ. ಎಲ್ಲರೂ ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು.

“ಮ್ವಾಲಿಮು ಇದ್ದಾರಲ್ಲ,” ಎಂದರು ವಕೀಲರು. ಮ್ವಾಲಿಮು ಅಂದರೆ ಮೇಷ್ಟ್ರು. “ಅವರು ಯಾವ ಕಡೆಯವರೂ ಅಲ್ಲ.”

ಹೊರಗಿನವಳು ಎಂಬುದಕ್ಕೆ ಅಷ್ಟು ಮರ್ಯಾದೆ ಸಿಕ್ಕಿದ್ದು ಅದೇ ಮೊದಲು. ನಾನು ಅಲ್ಲಿಗೇ ಬಾಯಿ ಮುಚ್ಚಿಕೊಂಡಿರಬೇಕಿತ್ತು. ಆದರೆ ಸಂತೋಷದಲ್ಲಿ ಹೇಳಿಬಿಟ್ಟೆ: “ಇಂಡಿಯಾದಲ್ಲಿ ನಮಗೆ ಎಣಿಸುವ ತಾಪತ್ರಯವೇ ಇಲ್ಲ. ಯಂತ್ರ ಇದೆ. ಗುಂಡಿ ಒತ್ತಿದರೆ ಬೀಪ್. ಸಂಜೆ ಇನ್ನೊಂದು ಗುಂಡಿ ಒತ್ತಿದರೆ ಲೆಕ್ಕ.”

ಪಕ್ಕದಲ್ಲಿ ಕೂತಿದ್ದ ನನ್ನ ಗಂಡ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ನಾನು ನಿಲ್ಲಿಸಲಿಲ್ಲ. ಕಾಲೇಜಿನಲ್ಲಿದ್ದಾಗ ಎಲೆಕ್ಷನ್ ಡ್ಯೂಟಿಗೆ ಹೋಗಿದ್ದ ಹಳ್ಳಿಯ ಶಾಲೆ, ಚಪ್ಪಲಿ ಹೊರಗೆ ಬಿಟ್ಟು ಬಂದು ಗುಂಡಿ ಒತ್ತಿದ ಅಜ್ಜಿ, “ಕೂಗ್ತಲ್ಲ, ಆಯ್ತು ಬುಡಿ” ಎಂದು ಸಮಾಧಾನದಿಂದ ಹೋದದ್ದು, ಎಲ್ಲ ಹೇಳಿದೆ. ಅದೇ ವರ್ಷ ಅಣ್ಣ ಮೈಸೂರಿನಿಂದ ಫೋನ್ ಮಾಡಿದಾಗಲೆಲ್ಲ ಇಂಡಿಯಾದಲ್ಲೂ ಜನ ಯಂತ್ರಗಳ ಮೇಲೆ ಅನುಮಾನ ಪಡುತ್ತಿದ್ದಾರೆ ಎಂದು ಹೇಳುತ್ತಿದ್ದ. ಅದನ್ನು ಮಾತ್ರ ಹೇಳಲಿಲ್ಲ. ದೇಶದ ಮರ್ಯಾದೆ ಪ್ರಶ್ನೆ.

“ಅಂಥದೊಂದು ಮಾಡಿಕೊಡಿ,” ಎಂದರು ಮ್ಜೇ.

“ಸರ್ವರ್ ಇರುತ್ತದೆಯೇ?” ಎಂದರು ವಕೀಲರು.

“ಇಲ್ಲ.”

“ಹಾಗಾದರೆ ಸವಾ,” ಎಂದು ಸರಿ ಅಂದರು.

ಮನೆಗೆ ಬಂದ ಮೇಲೆ ಗಂಡ ಸೋಫಾದ ಮೇಲೆ ಕೂತು ನನ್ನನ್ನೇ ನೋಡಿದರು. “ಹೇಗೆ ಮಾಡ್ತೀಯಾ?”

“ಕ್ಯಾಲ್ಕುಲೇಟರ್‌ನಲ್ಲಿ.”

ತರಗತಿಯಲ್ಲಿ ಮಾಡಿಸುತ್ತಿದ್ದ ಆಟ ಅದು. ಸಾದಾ ಕ್ಯಾಲ್ಕುಲೇಟರಿನಲ್ಲಿ ಒಂದು ಕೂಡಿಸುವಂತೆ ಒತ್ತಿಟ್ಟರೆ, ಆಮೇಲೆ ‘ಸಮ’ದ ಗುಂಡಿ ಒತ್ತಿದಾಗಲೆಲ್ಲ ಲೆಕ್ಕ ಒಂದೊಂದೇ ಏರುತ್ತದೆ. ಆ ಗುಂಡಿಯಿಂದ ಎರಡು ತಂತಿ ಎಳೆದು ಕರೆಗಂಟೆಯ ಸ್ವಿಚ್ಚಿಗೆ ಬೆಸೆದರೆ ಮತಯಂತ್ರ. ಇಬ್ಬರು ಅಭ್ಯರ್ಥಿಗಳಿಗೆ ಎರಡು ಕ್ಯಾಲ್ಕುಲೇಟರ್, ಎರಡು ಸ್ವಿಚ್ಚು, ಒಂದು ಬಜರ್.

ನ್ಗಾರಾ ಬಡಾವಣೆಯ ಗುಜರಾತಿ ಅಂಗಡಿಗೆ ಹೋದೆ. “ನಿದ್ದೆ ಮಾಡದ ಕ್ಯಾಲ್ಕುಲೇಟರ್ ಕೊಡಿ,” ಎಂದೆ. ಅಗ್ಗದವು ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ದರೆ ತಾವೇ ಆರಿಹೋಗುತ್ತವೆ, ಮತವೆಲ್ಲ ನೀರುಪಾಲು. ಅಂಗಡಿಯವರು ಕನ್ನಡಕದ ಮೇಲಿಂದ ನೋಡಿ, ಏನಕ್ಕೆ ಎಂದು ಕೇಳಿದರು. ಚುನಾವಣೆಗೆ ಎಂದೆ. ಅವರು ಸುತ್ತ ನೋಡಿ ದನಿ ತಗ್ಗಿಸಿದರು. “ಬೆಹೆನ್, ನಾವು ಅದಕ್ಕೆಲ್ಲ ಕೈಹಾಕಬಾರದು.” ನೀರಿನ ಕಮಿಟಿಯ ಚುನಾವಣೆ ಎಂದು ಬಿಡಿಸಿ ಹೇಳಿದ ಮೇಲೆಯೇ ಕಪಾಟಿನಿಂದ ಎರಡು ಕೆಳಗಿಳಿಸಿದ್ದು.

ಮೂರು ಸಂಜೆಗಳಲ್ಲಿ ಯಂತ್ರ ಸಿದ್ಧವಾಯಿತು. ದೊಡ್ಡ ಟಿಫಿನ್ ಡಬ್ಬಿಯೊಳಗೆ ಕ್ಯಾಲ್ಕುಲೇಟರುಗಳು, ಮುಚ್ಚಳದ ಮೇಲೆ ಸ್ವಿಚ್ಚುಗಳು. ಮಗಳು ಒಮ್ಮೆ ಒತ್ತಿ ನೋಡಿ, “ಅಮ್ಮಾ, ಇಟ್ ಲುಕ್ಸ್ ಲೈಕ್ ಎ ಬಾಂಬ್,” ಎಂದಳು. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗಿ. ಅವತ್ತು ನಾನು ಕೇಳಿರಲೂ ಇಲ್ಲ.

ಅಷ್ಟರಲ್ಲಿ ವಾಟ್ಸ್ಯಾಪ್ ಗುಂಪು ಬಿಸಿಯಾಗಿತ್ತು. ಆ ವರ್ಷ ಹೊರದೇಶದ ಕಂಪನಿಗಳು ಜನರ ಮೊಬೈಲಿನೊಳಗೆ ಕೂತು ಮತ ತಿರುಗಿಸುತ್ತಿವೆ ಎಂಬ ಮಾತು ಎಲ್ಲ ಕಡೆ ಇತ್ತು. ಎಷ್ಟು ನಿಜವೋ ಎಷ್ಟು ಸುಳ್ಳೋ, ಮಟಾಟು ವ್ಯಾನಿನಲ್ಲಿ ಪಕ್ಕ ಕೂತವರು ಕೂಡ ಅದನ್ನೇ ಚರ್ಚಿಸುತ್ತಿದ್ದರು. ಈಗ ನಮ್ಮ ಗುಂಪಿನಲ್ಲಿ ಯಾರೋ ಕೇಳಿದರು: “ಈ ಯಂತ್ರ ಯಾವ ದೇಶದ್ದು? ಇದರಿಂದ ಯಾರಿಗೆ ಲಾಭ?”

ಉತ್ತರ ಎರಡು ಬಂದವು. ಬೋರ್‌ವೆಲ್ಲಿನ ಪಂಪು ಇಂಡಿಯಾದ್ದು, ಅದನ್ನು ತರಿಸಿದವರು ಮ್ಜೇ, ಆದ್ದರಿಂದ ಮುಹಿಂದಿಗಳಿಗೆ, ಅಂದರೆ ನಮ್ಮಂಥ ಇಂಡಿಯಾದವರಿಗೆ, ಮ್ಜೇಯೇ ಗೆಲ್ಲಬೇಕು ಎಂದು ಒಬ್ಬರು. ಔಷಧಿಯಾಕೆಯ ಅಂಗಡಿಯ ಮಾತ್ರೆಗಳೆಲ್ಲ ಬರುವುದು ಇಂಡಿಯಾದಿಂದಲೇ, ಆದ್ದರಿಂದ ಅವಳೇ ಗೆಲ್ಲಬೇಕು ಎಂದು ಇನ್ನೊಬ್ಬರು.

ಓದಿ ನಗು ಬಂತು. ಆಮೇಲೆ ಬೇಜಾರಾಯಿತು. ಯಾವ ಕಡೆಯವಳೂ ಅಲ್ಲ ಎಂದು ನನ್ನನ್ನು ಆರಿಸಿದವರು, ವಾರದೊಳಗೆ ನನ್ನನ್ನು ಎರಡೂ ಕಡೆಗೆ ಸೇರಿಸಿದ್ದರು.

“ಫಾರಿನ್ ಹ್ಯಾಂಡ್ ಅಂದ್ರೆ ಇದೇ ಕಣೇ,” ಎಂದರು ಗಂಡ, ಬೆಸುಗೆಯ ಮಸಿ ಮೆತ್ತಿದ್ದ ನನ್ನ ಕೈ ಹಿಡಿದು ಎತ್ತಿ ತೋರಿಸುತ್ತಾ. “ನೋಡ್ಕೋ, ಎಷ್ಟು ಡೇಂಜರಸ್ ಆಗಿದೆ.”

ನಾನು ನೇರ ವಕೀಲರ ಮನೆಗೆ ಹೋದೆ. “ನನ್ನ ಮೇಲೆ ಅನುಮಾನವಿದ್ದರೆ ಹೇಳಿ, ಬಿಟ್ಟುಬಿಡುತ್ತೇನೆ,” ಎಂದೆ.

ಅವರು ನನ್ನನ್ನು ಕೂರಿಸಿ ಚಹಾ ಕೊಟ್ಟರು. “ನಿಮ್ಮ ಮೇಲೆ ಅನುಮಾನವಿಲ್ಲ ಮ್ವಾಲಿಮು. ಡಬ್ಬಿಯ ಮೇಲೆ ಇದೆ. ನಿಮ್ಮನ್ನು ಹತ್ತು ವರ್ಷದಿಂದ ನೋಡಿದ್ದೇವೆ. ಡಬ್ಬಿಯನ್ನು ನೋಡಿಲ್ಲ.”

ಹೌದಲ್ಲ ಅನ್ನಿಸಿತು. ಶನಿವಾರ ಡಬ್ಬಿಯನ್ನು ಅಂಗಳಕ್ಕೆ ತಂದು, ಮುಚ್ಚಳ ತೆಗೆದು, ಎಲ್ಲರಿಗೂ ತೋರಿಸುವುದು ಎಂದು ನಿರ್ಧರಿಸಿದೆ. ಜನ ಬಂದರು. ಬಗ್ಗಿ ನೋಡಿದರು. “ಇಷ್ಟೇನಾ?” ಎಂದರು. ಒಬ್ಬಳು ತನ್ನ ಮಗನ ಕ್ಯಾಲ್ಕುಲೇಟರ್ ಕೂಡ ಇಂಥದ್ದೇ ಎಂದಳು. ವಾತಾವರಣ ಸ್ವಲ್ಪ ತಿಳಿಯಾಯಿತು. ಒಂದು ಅಣಕು ಮತದಾನ ಮಾಡೋಣ ಎಂದೆ. ಒಂದು ಗುಂಡಿ ಚಪಾತಿಗೆ, ಇನ್ನೊಂದು ಉಗಾಲಿಗೆ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ, ಮಂಡ್ಯದವಳಿಗೆ ಅದು ಅರ್ಥವಾಗದ ವಸ್ತುವಲ್ಲ. ನಾನು ಮನಸ್ಸಿನಲ್ಲೇ ಉಗಾಲಿಯ ಪರ ಇದ್ದೆ.

ಎಲ್ಲರೂ ನಗುನಗುತ್ತಾ ಒತ್ತಿದರು. ಬೀಪ್ ಬೀಪ್ ಎಂದಿತು. ಮುಚ್ಚಳ ತೆಗೆದು ನೋಡಿದರೆ, ಚಪಾತಿಯೊಂದಕ್ಕೇ ಅಂಗಳದಲ್ಲಿದ್ದ ಜನಕ್ಕಿಂತ ಹೆಚ್ಚು ಮತ ಬಿದ್ದಿದ್ದವು.

ವಕೀಲರ ಕಂಠ ಮೊಳಗಿತು. “ಚಪಾತಿಯ ಗೆಲುವನ್ನು ನಾನು ಒಪ್ಪುವುದಿಲ್ಲ!”

ಅಂಗಳವೇ ಬಿದ್ದು ಬಿದ್ದು ನಕ್ಕಿತು. ಮ್ಜೇ ಕಣ್ಣೊರೆಸಿಕೊಂಡರು. ತಿಂಗಳುಗಟ್ಟಲೆ ಆ ಅಂಗಳದಲ್ಲಿ ಅಂಥ ನಗು ಕೇಳಿರಲಿಲ್ಲ. ನಾನೊಬ್ಬಳು ಮಾತ್ರ ಕಿವಿಯವರೆಗೆ ಬಿಸಿಯಾಗಿ ನಿಂತು ವಿವರಿಸುತ್ತಿದ್ದೆ: ಸ್ವಿಚ್ಚಿನ ಒಳಗಿನ ತಗಡು ಒತ್ತಿದಾಗ ಚೂರು ಜಿಗಿಯುತ್ತದೆ, ಒಂದು ಸಲ ಒತ್ತಿದರೆ ಎರಡು ಸಲ ತಾಗುತ್ತದೆ, ಅದಕ್ಕೆ ಮದ್ದಿದೆ, ಒಂದು ಸಣ್ಣ ಕೆಪಾಸಿಟರ್ ಹಾಕಿದರೆ... ಯಾರಿಗೂ ಕೆಪಾಸಿಟರ್ ಬೇಕಿರಲಿಲ್ಲ.

ನಗು ಮುಗಿದ ಮೇಲೆ ಔಷಧಿಯಾಕೆ ಹತ್ತಿರ ಬಂದಳು. “ಮ್ವಾಲಿಮು, ಯಂತ್ರ ಇರಲಿ. ನನ್ನ ಅಂಗಡಿಯಲ್ಲೂ ಮಾತ್ರೆ ಎಣಿಸುವ ಯಂತ್ರವಿದೆ. ಅದು ಎಣಿಸಿದ ಮೇಲೆ ನಾನು ಕೈಯಲ್ಲೂ ಎಣಿಸುತ್ತೇನೆ. ಎರಡೂ ತಾಳೆಯಾದರೆ ಮಾತ್ರ ಕೊಡುವುದು. ಇಲ್ಲೂ ಹಾಗೇ ಮಾಡೋಣ. ಗುಂಡಿ ಒತ್ತಿದ ಮೇಲೆ ಒಂದು ಕಾಳನ್ನೂ ಹಾಕಲಿ.”

“ಯಾವ ಕಾಳು?” ಎಂದರು ಮ್ಜೇ.

“ನಿಮಗೊಂದು, ನನಗೊಂದು.”

ಮ್ಜೇ ಯೋಚಿಸಿದರು. “ಮೆಕ್ಕೆಜೋಳ ನನ್ನದು. ಜೋಳವಿಲ್ಲದೆ ಈ ದೇಶವೇ ಇಲ್ಲ.”

“ಹಾಗಾದರೆ ಬೀನ್ಸ್ ಕಾಳು ನನಗೆ. ಬರಿಯ ಜೋಳ ತಿಂದು ನೋಡಿ, ಹೊಟ್ಟೆ ಏನನ್ನುತ್ತದೆ ಎಂದು.”

ಎರಡನ್ನೂ ಬೇಯಿಸಿದರೆ ಗಿಥೆರಿ, ಇಲ್ಲಿ ಬಡವ ಬಲ್ಲಿದರೆಲ್ಲ ತಿನ್ನುವ ಊಟ. ಇಬ್ಬರೂ ನಕ್ಕರು. ಅವರಿಬ್ಬರು ಒಟ್ಟಿಗೆ ನಕ್ಕದ್ದನ್ನು ಅದಕ್ಕೆ ಮುಂಚೆ ನಾನು ಕಂಡಿರಲಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಬೇರೆಯೇ ಒಂದು ತಕರಾರು ಕಾದಿತ್ತು. ಮನೆಗೊಂದು ಮತ ಎಂಬುದು ವಠಾರದ ನಿಯಮ.

“ನೀನು ಎಲೆಕ್ಷನ್ ಆಫೀಸರ್ ಆದ್ರೆ ನಮ್ಮನೆ ವೋಟ್ ಏನಾಗತ್ತೆ?” ಎಂದು ಗಂಡ ಊಟದ ನಡುವೆ ಕೇಳಿದರು.

“ಬಿಟ್ಟುಬಿಡೋಣ ಅಂತಿದ್ದೆ. ನ್ಯೂಟ್ರಲ್ ಆಗಿರ್ಬೇಕಲ್ವಾ?”

“ನೀನು ನ್ಯೂಟ್ರಲ್ ಆಗಿರು. ನಾನ್ಯಾಕೆ ಆಗ್ಬೇಕು?” ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. ತಮಾಷೆಯ ಮನುಷ್ಯ, ಆದರೆ ಈಗ ಮುಖದಲ್ಲಿ ತಮಾಷೆ ಇರಲಿಲ್ಲ. “ಇಂಡಿಯಾ ಬಿಟ್ಮೇಲೆ ಒಂದೇ ಒಂದ್ಸಲಾನೂ ವೋಟ್ ಹಾಕಿಲ್ಲ ಕಣೇ. ಹೋಗಿ ಹಾಕೋಣ ಅಂದ್ರೆ ರಜ ಸಿಗಲ್ಲ. ಇಲ್ಲಿ ನಮ್ದು ಬರೀ ಪರ್ಮಿಟ್ಟು. ಎಲ್ಲಾ ಎಲೆಕ್ಷನ್ನೂ ಟಿವೀಲೇ ನೋಡಿದ್ದಾಯ್ತು. ನಂಗೆ ಇದೊಂದು ವೋಟ್ ಬೇಕು.”

ನಾನು ಅದನ್ನು ಯೋಚಿಸಿಯೇ ಇರಲಿಲ್ಲ. ವರ್ಷಾನುಗಟ್ಟಲೆ ಆ ಮನುಷ್ಯ ಎರಡು ದೇಶದ ರಾಜಕೀಯವನ್ನು ಕೆದಕಿ ಕೆದಕಿ ಮಾತಾಡಿದ್ದು ಕೇಳಿದ್ದೇನೆ. ಎರಡರಲ್ಲೂ ಒಂದು ಗುಂಡಿ ಒತ್ತುವ ಅವಕಾಶ ಅವರಿಗಿಲ್ಲ ಎಂಬುದು ನನಗೆ ತಟ್ಟಿರಲಿಲ್ಲ. “ನೀವೇ ಹಾಕಿ,” ಎಂದೆ.

ಆಮೇಲಿನ ವಾರ ಅವರದು ಹಬ್ಬ. ಮ್ಜೇ ಮತ ಕೇಳಲು ಬಂದಾಗ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕೂತರು. ಮ್ಜೇ ತಮ್ಮ ಹಿತ್ತಲಿನ ಅವಕಾಡೊ ತಂದಿದ್ದರು. “ಇದು ಲಂಚವಲ್ಲ,” ಎಂದು ಅವರೇ ಹೇಳಿದರು. “ಪ್ರತಿ ವರ್ಷ ಕೊಡುತ್ತೇನಲ್ಲ.” ಔಷಧಿಯಾಕೆ ಬಂದಾಗ ಗಂಡ ಕಾಲ ಮೇಲೆ ಕಾಲು ಹಾಕಿ, “ನಿಮ್ಮ ವಾಟರ್ ಪಾಲಿಸಿ ಏನು?” ಎಂದು ಕೇಳಿದರು. ಪಾಪ, ಅವಳು ಅಂಗಡಿಯಿಂದ ನೇರ ಬಂದಿದ್ದಳು, ಮನೆಯಲ್ಲಿ ಪಾತ್ರೆ ತೊಳೆಯಲು ನೀರಿಲ್ಲ. ಆದರೂ ಕೂತು, ಯಾವ ಸಾಲಿಗೆ ಯಾವ ಹೊತ್ತು ಎಂದು ವಿವರವಾಗಿ ಹೇಳಿದಳು. ಇವರು ಮಧ್ಯೆ ಮಧ್ಯೆ ಪ್ರಶ್ನೆ ಕೇಳಿದರು. ನಾನು ಅಡುಗೆಮನೆಯಿಂದ ಕೇಳಿಸಿಕೊಂಡು ನಗು ತಡೆದುಕೊಂಡೆ.

ಗುಂಪಿನಲ್ಲಿ ಯಾರೋ, ಈ ದೇಶದವರಲ್ಲದವರಿಗೆ ಮತ ಯಾಕೆ ಎಂದು ಕೇಳಿದರು. ನಾನು ಉತ್ತರ ಹುಡುಕುವ ಮೊದಲೇ ಎರಡು ಉತ್ತರ ಬಂದವು, ಒಂದು ಮ್ಜೇಯದು, ಒಂದು ಔಷಧಿಯಾಕೆಯದು. ಇಬ್ಬರೂ ಬರೆದದ್ದು ಒಂದೇ: ಅವರು ಇಲ್ಲಿಯವರು. ಗಂಡ ಅದರ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡರು.

ಮತದಾನದ ಶನಿವಾರ ಬಿಸಿಲು ಚೆನ್ನಾಗಿತ್ತು. ಅಂಗಳದಲ್ಲಿ ಎರಡು ಕಂಬ ನೆಟ್ಟು, ನಮ್ಮ ಮನೆಯ ಹೂವಿನ ಬೆಡ್‌ಶೀಟ್ ಕಟ್ಟಿ, ಅದರ ಹಿಂದೆ ಮೇಜು ಹಾಕಿದೆವು. ಮೇಜಿನ ಮೇಲೆ ಡಬ್ಬಿ, ಅದರ ಪಕ್ಕ ಜೋಳದ ಬಟ್ಟಲು, ಬೀನ್ಸಿನ ಬಟ್ಟಲು, ಕಿರಿದಾದ ಕುತ್ತಿಗೆಯ ಒಂದು ಮಡಕೆ. ಸ್ವಿಚ್ಚುಗಳನ್ನು ಬದಲಿಸಿ ಕೆಪಾಸಿಟರ್ ಹಾಕಿ, ಬೆರಳು ನೋಯುವಷ್ಟು ಸಲ ಒತ್ತಿ ಪರೀಕ್ಷಿಸಿದ್ದೆ. ಬೆಳಿಗ್ಗೆ ಎಲ್ಲರ ಮುಂದೆ ಡಬ್ಬಿ ತೆರೆದು ಸೊನ್ನೆ ತೋರಿಸಿದೆ. ಮಡಕೆ ಬೋರಲು ಹಾಕಿ ತಟ್ಟಿದೆ. ನಾನು ಪರದೆಯ ಈಚೆ ಕೂತೆ. ಮನೆಗೊಂದು ಬೀಪ್ ಕೇಳಬೇಕು, ಅಷ್ಟೆ.

ಜನ ಸಾಲಾಗಿ ನಿಂತರು. ಎದುರು ಮನೆಯ ಮುದುಕಿ, ಗಂಡ ತೀರಿಕೊಂಡ ಮೇಲೂ ನೈರೋಬಿ ಬಿಡದ ಗುಜರಾತಿಯಾಕೆ, ಎಲ್ಲರಿಗೂ ‘ಬಾ’, ಅಂದರೆ ಅಮ್ಮ, ಒಳಗೆ ಹೋಗಿ ಎಷ್ಟು ಹೊತ್ತಾದರೂ ಬೀಪ್ ಕೇಳಲಿಲ್ಲ. “ಬಾ, ಜೋರ್ ಸೆ ದಬಾಯಿಯೇ!” ಎಂದು, ಜೋರಾಗಿ ಒತ್ತುವಂತೆ ಕೂಗಿ ಹೇಳಿದೆ. ಬೀಪ್ ಬಂತು. ಸಾಲಿನಲ್ಲಿದ್ದವರು ಚಪ್ಪಾಳೆ ತಟ್ಟಿದರು.

ಗಂಡನ ಸರದಿ ಬಂತು. ಮದುವೆಮನೆಗೆ ಹೊರಟವರ ಹಾಗೆ ಬಂದಿದ್ದರು. ಒಳಗೆ ಹೋದರು, ಬೀಪ್ ಕೇಳಿತು, ಮಡಕೆಯೊಳಗೆ ಕಾಳು ಬಿದ್ದ ಸದ್ದೂ ಕೇಳಿತು. ಆದರೆ ಮನುಷ್ಯ ಹೊರಗೆ ಬರಲಿಲ್ಲ. ಬೆಡ್‌ಶೀಟಿನ ಕೆಳಗೆ ಅವರ ಪಾಲಿಶ್ ಮಾಡಿದ ಬೂಟುಗಳು ಅಲ್ಲೇ ನಿಂತಿದ್ದವು. ಆಮೇಲೆ ಬಂದರು. ನೇರ ಮಗಳ ಬಳಿ ಹೋಗಿ ಎಡಗೈಯ ತೋರುಬೆರಳು ಚಾಚಿ, “ಇಂಕ್ ಹಾಕಮ್ಮ,” ಎಂದರು. ಅವಳು ಒಮ್ಮೆ ಕಣ್ಣು ತಿರುಗಿಸಿ, ತನ್ನ ಮಾರ್ಕರ್ ತಂದು ಉಗುರಿನ ಮೇಲೆ ಗೆರೆ ಎಳೆದಳು. ಅದನ್ನು ನೋಡಿ ಉಳಿದವರೂ ಬಂದರು. ಇಲ್ಲಿ ಮಸಿ ಹಚ್ಚುವುದು ಕಿರುಬೆರಳಿಗೆ. ಅವಳು ಸರಿಯಾಗಿ ಕೇಳಿ ಕೇಳಿ ಹಚ್ಚಿದಳು, ‘ಬಾ’ಗೆ ಇಂಡಿಯಾದಂತೆ ತೋರುಬೆರಳು, ಉಳಿದವರಿಗೆ ಕಿರುಬೆರಳು.

ಎಣಿಕೆ ಮಧ್ಯಾಹ್ನ. ಡಬ್ಬಿ ತೆರೆದು ಎರಡೂ ಅಂಕಿಗಳನ್ನು ಗಟ್ಟಿಯಾಗಿ ಓದಿದೆ. ಔಷಧಿಯಾಕೆಗೆ ಮೂರು ಮತದ ಮುನ್ನಡೆ. ಮಡಕೆಯನ್ನು ಚಾಪೆಯ ಮೇಲೆ ಸುರಿದು, ಅಭ್ಯರ್ಥಿಗಳಿಬ್ಬರೂ ನೋಡುತ್ತಿರುವಾಗ ಕಾಳುಗಳನ್ನು ಬೇರ್ಪಡಿಸಿದೆ. ಬೀನ್ಸ್ ಸರಿಹೊಂದಿತು. ಜೋಳ ಒಂದು ಹೆಚ್ಚಿತ್ತು.

ಮತ್ತೆ ಎಣಿಸಿದೆ. ಒಂದು ಹೆಚ್ಚೇ.

“ಡಬ್ಬಿ ಒಂದು ಮತ ನುಂಗಿದೆ,” ಎಂದು ಹಿಂದಿನಿಂದ ಯಾರೋ ಅಂದರು. “ನುಂಗಿದ್ದು ಮ್ಜೇಯ ಮತವೇ,” ಎಂದರು ಇನ್ನೊಬ್ಬರು. ಈ ಸಲ ಯಾರೂ ನಗಲಿಲ್ಲ. ಜನ ತಾವಾಗಿಯೇ ಎರಡು ಗುಂಪಾಗಿ ಸರಿದು ನಿಂತರು. ಆಗಸ್ಟಿನಿಂದ ನುಂಗಿಕೊಂಡಿದ್ದ ಮಾತುಗಳೆಲ್ಲ ಈಗ ಹೊರಬರುತ್ತವೆ ಅನ್ನಿಸಿತು. ಕಾರಣ ಒಂದು ಜೋಳದ ಕಾಳು, ಎಣಿಸಿದವಳು ನಾನು.

ಆಗ ಹಿಂದಿನ ಸಾಲಿನ ಮನೆಯ ಸೊಮಾಲಿ ತಾಯಿ ಮೆಲ್ಲಗೆ ಕೈಯೆತ್ತಿದಳು. ಅವಳ ಸೊಂಟದ ಮೇಲೆ ಎರಡು ವರ್ಷದ ಮಗಳು ಕೂತಿದ್ದಳು. “ಪೋಲೆ,” ಎಂದು ಕ್ಷಮೆ ಕೇಳಿದಳು. “ನಾನು ಕಾಳು ಹಾಕಿದ ಮೇಲೆ ಇವಳೂ ಒಂದು ಹಾಕಿದಳು. ಹಿಡಿಯುವಷ್ಟರಲ್ಲಿ ಕೈ ಬಿಟ್ಟಿದ್ದಳು. ಆಟ ಎಂದುಕೊಂಡೆ.”

“ಜೋಳವೇ?” ಎಂದರು ವಕೀಲರು.

“ಜೋಳವೇ.”

ಮ್ಜೇ ಎದ್ದರು. ನಿಧಾನವಾಗಿ ನಡೆದು ಹೋಗಿ ಮಗುವಿನ ಮುಂದೆ ನಿಂತರು. “ಅಸಾಂಟೆ,” ಎಂದು ಧನ್ಯವಾದ ಹೇಳಿ ಅದರ ಪುಟ್ಟ ಕೈ ಹಿಡಿದು ಕುಲುಕಿದರು. ಆಮೇಲೆ ನಮ್ಮ ಕಡೆ ತಿರುಗಿದರು. “ಇವಳ ಮತ ನಾನು ಮನೆಗೆ ತೆಗೆದುಕೊಂಡು ಹೋಗುತ್ತೇನೆ. ಅದನ್ನು ಸೇರಿಸಿದರೂ ನಾನು ಸೋತಿದ್ದೇನೆ. ಡಬ್ಬಿ ಸರಿಯಾಗಿದೆ.”

ಸೊಂಟದಿಂದ ಬೀಗದಕೈ ಬಿಚ್ಚಿ ಔಷಧಿಯಾಕೆಯ ಕೈಗಿಟ್ಟರು. ಅವಳು ಏನೋ ಹೇಳಲು ಹೋದಳು. ಅವರು ಕೇಳಿಸಿಕೊಳ್ಳಲು ನಿಲ್ಲಲಿಲ್ಲ. ಚಹಾ ಕುಡಿಯಲಿಲ್ಲ. ಅಂಗಳ ದಾಟಿ ಹೋಗಿ ಬಾಗಿಲು ಹಾಕಿಕೊಂಡರು.

ನನಗೆ ಅವತ್ತು ಊಟ ಸೇರಲಿಲ್ಲ. ಮರುದಿನ ಬಿಸಿಬೇಳೆಭಾತ್ ತೆಗೆದುಕೊಂಡು ಅವರ ಮನೆಗೆ ಹೋದೆ. ಟಿವಿ ನೋಡುತ್ತಾ ಕೂತಿದ್ದರು. ಒಂದು ಚಮಚ ತಿಂದು, ಖಾರ ಎಂದು ನೀರು ಕುಡಿದರು. “ಬೆಳಿಗ್ಗೆ ಪಂಪು ಹಾಕಿದಳು. ಕೇಳಿಸಿತೇ?” ಎಂದರು.

“ಕೇಳಿಸಿತು.”

“ಏನೂ ಆಗಲಿಲ್ಲ,” ಎಂದರು ಮ್ಜೇ, ಸ್ವಲ್ಪ ಬೇಸರದಿಂದಲೇ. ನಾನು ಇನ್ನೊಂದು ಚಮಚ ಬಡಿಸಿದೆ, ತಿಂದರು.

ಮುಂದಿನ ವಾರಗಳಲ್ಲಿ ಅವರು ಅಂಗಳಕ್ಕೆ ಬರುವುದನ್ನು ಕಡಿಮೆ ಮಾಡಿದರು. ಔಷಧಿಯಾಕೆ ಹೇಳಿದಂತೆಯೇ ನೀರು ಬಿಟ್ಟಳು, ಸಾಲಿಗೊಂದು ಹೊತ್ತು. ಗುಂಪಿನಲ್ಲಿ ನೀರಿನ ಮಾತು ನಿಂತು ಕಸದ ಮಾತು ಶುರುವಾಯಿತು. ನನ್ನ ಗಂಡ ಯಾರಿಗೆ ಮತ ಹಾಕಿದರು ಎಂದು ನಾನು ಕೇಳಿದೆ, ಮಗಳು ಕೇಳಿದಳು, ಅತ್ತೆ ಫೋನಿನಲ್ಲಿ ಕೇಳಿದರು. “ಸೀಕ್ರೆಟ್ ಬ್ಯಾಲೆಟ್,” ಎಂದರು ಎಲ್ಲರಿಗೂ.

ಡಿಸೆಂಬರಿನಲ್ಲಿ ನೈರೋಬಿ ಬರಿದಾಗುತ್ತದೆ. ಕ್ರಿಸ್‌ಮಸ್ಸಿಗೆ ಎಲ್ಲರೂ ತಮ್ಮ ತಮ್ಮ ಊರಿಗೆ, ಬೆಟ್ಟದ ಕಡೆಗೆ, ಸರೋವರದ ಕಡೆಗೆ ಹೊರಡುತ್ತಾರೆ. ವಠಾರದಲ್ಲಿ ಉಳಿಯುವವರು ನಾವು, ಗುಜರಾತಿ ‘ಬಾ’, ಇನ್ನೆರಡು ಮನೆಯವರು. ಹೊರಡುವ ಬೆಳಿಗ್ಗೆ ಔಷಧಿಯಾಕೆ ಮಕ್ಕಳನ್ನು ಕಾರಿನಲ್ಲಿ ಕೂರಿಸಿ ನಮ್ಮ ಬಾಗಿಲಿಗೆ ಬಂದು ಪಂಪಿನ ಬೀಗದಕೈ ಕೊಟ್ಟಳು.

“ನಾವು ಬರುವವರೆಗೆ ನೀವೇ ಸರ್ಕಾರ,” ಎಂದಳು.

ಗಂಡ ಅದನ್ನು ಎರಡೂ ಕೈಯಲ್ಲಿ ತೆಗೆದುಕೊಂಡರು. ಮಾರನೆಯ ದಿನ ಪಂಪು ಹಾಕಲು ಹೋದಾಗ ಅವರ ಫೋನ್ ರಿಂಗಣಿಸಿತು. ಊರಿನಿಂದ ಮ್ಜೇ. ಹಿನ್ನೆಲೆಯಲ್ಲಿ ಹಸು ಕೂಗುತ್ತಿತ್ತು.

“ಬೀಗ ನಿಮ್ಮ ಹತ್ತಿರ ಇದೆಯಂತೆ,” ಎಂದರು ಮ್ಜೇ. “ಫೋನನ್ನು ಪಂಪಿನ ಹತ್ತಿರ ಹಿಡಿಯಿರಿ.”

ಇವರು ಸ್ವಿಚ್ ಹಾಕಿ, ಬಗ್ಗಿ, ಫೋನನ್ನು ಮೋಟಾರಿನ ಪಕ್ಕ ಹಿಡಿದರು. ನಾನು ಬಾಗಿಲಲ್ಲಿ ನಿಂತಿದ್ದೆ. ಪಂಪು ಗುರ್ ಎನ್ನುತ್ತಿತ್ತು. ಎಲ್ಲೋ ಬೆಟ್ಟದ ಬುಡದಲ್ಲಿ ಆ ಹಿರಿಯರು ಕಿವಿಗೊಟ್ಟು ಕೂತಿದ್ದರು, ನಾವಿಬ್ಬರೂ ಉಸಿರು ಬಿಗಿಹಿಡಿದಿದ್ದೆವು.

“ಸ್ವಲ್ಪ ಎಡಕ್ಕೆ,” ಎಂದಿತು ಫೋನು.

ಗಂಡ ಸ್ವಲ್ಪ ಎಡಕ್ಕೆ ಸರಿದರು.